ದೊಡ್ಡ ಸ್ಟೋರಿನಲ್ಲಿ ಸಿಗದ ದನಿ

ಗಂಟಲಿನ ಆಪರೇಷನ್ ಆದಮೇಲೆ ಗುಂಡ್ಲುಪೇಟೆಯ ಟೈಲರ್ ಕಲಂದರ್ ಸಾಹೇಬರ ದನಿ ಹೋಯಿತು. ಚಾಮರಾಜನಗರದಲ್ಲಿ ಕಾಲೇಜು ಓದುತ್ತಿದ್ದ ಮಗಳು ನಾಜ್ನೀನ್ ಅವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಕನ್ನಡದಲ್ಲಿ ಬರೆದದ್ದನ್ನು ಅದು ಗಟ್ಟಿಯಾಗಿ ಓದುತ್ತಿತ್ತು. ಅಳತೆ ಕೊಡಲು ಬಂದವರೊಡನೆ ಕಲಂದರ್ ಮತ್ತೆ ಮಾತಾಡತೊಡಗಿದರು.

ಆ ಫೋನು ಕೆಟ್ಟು ಹೊಸದು ಕೊಂಡಾಗ, ಎಲ್ಲರೂ ಆ್ಯಪ್ ಇಳಿಸಿಕೊಳ್ಳುವ ದೊಡ್ಡ ಸ್ಟೋರಿನಲ್ಲಿ ಅದು ಇರಲಿಲ್ಲ. ಅದೇ ಹೆಸರಿನ, ಅದೇ ಚಿತ್ರದ ಇನ್ನೊಂದಿತ್ತು. ಅಲ್ಲಿ ಎಲ್ಲವನ್ನೂ ಪರೀಕ್ಷಿಸಿಯೇ ಇಟ್ಟಿರುತ್ತಾರೆಂದು ನಂಬಿ ನಾಜ್ನೀನ್ ಅದನ್ನೇ ಹಾಕಿದಳು, ಅದು ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟಳು. ಮರುದಿನ ಕಲಂದರರ ನಂಬರಿನಿಂದ ಹೊಲಸು ಚಿತ್ರಗಳು ಗಿರಾಕಿಗಳಿಗೆ, ಮಸೀದಿಯ ಹಿರಿಯರಿಗೆ, ಬೇಗೂರಿನ ತಂಗಿ ಅಮೀರುನ್ನೀಸಾಗೆ ಹೋದವು. ತಾನಲ್ಲ ಎಂದು ಹೇಳಲು ಅವರಿಗೆ ದನಿಯೇ ಇರಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತುಬಿಟ್ಟರು.

ನಾಜ್ನೀನ್ ಫೋನನ್ನು ಮೊಬೈಲ್ ರಿಪೇರಿಯ ದೊರೆಸ್ವಾಮಿಯ ಬಳಿ ಒಯ್ದಳು. ಅವನು ಎಲ್ಲವನ್ನೂ ಅಳಿಸಿ, ಹಳೆಯ ಆ್ಯಪ್ ಮಾಡಿದವರನ್ನು ಹುಡುಕಿ ಫೋನ್ ಮಾಡಿದ. ಅವರು ಮೈಸೂರಿನ ಮಹದೇವಯ್ಯ, ಕಿವುಡ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ದೊಡ್ಡ ಸ್ಟೋರಿನ ಹೊಸ ನಿಯಮಗಳನ್ನು ಪೂರೈಸಲಾಗದೆ ಅಲ್ಲಿಂದ ತೆಗೆದು, ಇನ್ನೊಂದು ಸಣ್ಣ ಸ್ಟೋರಿನಲ್ಲಿ ಇಟ್ಟಿದ್ದೇನೆ ಎಂದರು.

ನಾಜ್ನೀನ್‌ಗೆ ಧೈರ್ಯ ಬರಲಿಲ್ಲ. ದೊಡ್ಡದರಲ್ಲೇ ಹೀಗಾದರೆ ಸಣ್ಣದನ್ನು ನಂಬುವುದು ಹೇಗೆಂದು ಕೇಳಿದಳು.

“ಸ್ಟೋರ್ನೋರು ನೋಡವ್ರೆ ಅಂತ ನಾವು ನೋಡೋದ್ನ ಬುಟ್ಬುಡ್ತೀವಿ ಕಣಮ್ಮಿ,” ಎಂದ ದೊರೆಸ್ವಾಮಿ. “ಅಂಗಂತ ಎಲ್ಲಾ ಸ್ಟೋರೂ ಒಳ್ಳೇವು ಅನ್ಬ್ಯಾಡ. ಮಾಡ್ದೋರು ಯಾರು, ಅದು ಏನೇನು ಕೇಳ್ತದೆ, ನೋಡು. ನಿಮ್ಮಪ್ಪಾವ್ರನ್ನೂ ಒಂದ್ಮಾತು ಕೇಳು.”

ಅವಳು ಕೇಳಿದಳು. ಕಲಂದರ್ ಬಹಳ ಹೊತ್ತು ಫೋನನ್ನು ಮುಟ್ಟಲೇ ಇಲ್ಲ. ಕೊನೆಗೆ ಆಗಲಿ ಎಂದು ತಲೆಯಾಡಿಸಿದರು. ನಾಜ್ನೀನ್ ಸಣ್ಣ ಸ್ಟೋರಿನಿಂದ ಮಹದೇವಯ್ಯನವರ ಆ್ಯಪನ್ನು ಹಾಕಿದಳು. ಅದು ಯಾರ ನಂಬರನ್ನೂ ಕೇಳಲಿಲ್ಲ, ಫೋಟೋಗಳನ್ನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವರು ಬಸ್ಸು ಹತ್ತಿ ಬೇಗೂರಿಗೆ ಹೋದರು. ಆ ಚಿತ್ರಗಳು ಸೊಸೆಯ ಎದುರೇ ತೆರೆದುಕೊಂಡಿದ್ದರಿಂದ ಅಮೀರುನ್ನೀಸಾ ನೊಂದಿದ್ದಳು. ಬಾಗಿಲಲ್ಲೇ ಮುಖ ತಿರುಗಿಸಿದಳು. ಕಲಂದರ್ ನಿಧಾನವಾಗಿ ಬೆರಳಾಡಿಸಿದರು.

“ಅದನ್ನು ನಾನು ಕಳಿಸಲಿಲ್ಲ,” ಎಂದಿತು ಫೋನು.

ಹುಟ್ಟಿದಂದಿನಿಂದ ಉರ್ದುವಿನಲ್ಲೇ ಮಾತಾಡಿಕೊಂಡು ಬಂದ ಅಣ್ಣ ತಂಗಿಯ ನಡುವೆ ಆ ಕನ್ನಡ ಯಾರೋ ಬೇರೆಯವರ ಮಾತಿನಂತೆ ಕೇಳಿಸಿತು. ಅವಳು ಫೋನಿನತ್ತ ನೋಡಲಿಲ್ಲ, ಅಣ್ಣನ ಮುಖ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಒಳಗೆ ಬರಲು ಹೇಳಿದಳು.

ಅಂಗಡಿ ಮತ್ತೆ ತೆರೆಯಿತು. ಕೆಲವು ಹಳೆಯ ಗಿರಾಕಿಗಳು ಮಾತ್ರ ಬರಲೇ ಇಲ್ಲ.