ಮಷೀನಿಗೆ ಹಚ್ಚಿದ ಕುಂಕುಮ

ಸೈ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗುಣಾಕಾರದ ಗುರುತು ಮಾಡಿಟ್ಟಿದ್ದರು. ಅದನ್ನು ನೋಡಿಯೇ ಶಿವಗಂಗವ್ವನ ಸಿಟ್ಟು ನೆತ್ತಿಗೇರಿತು. ಕಾಗದದಲ್ಲಿ ಏನಿದೆ ಎಂದು ಹೇಳುವ ಮೊದಲೇ ಎಲ್ಲಿ ಸೈ ಹಾಕಬೇಕೆಂದು ತೋರಿಸುವ ಜನ ಇವರು. ಕಾಗದ ಇಂಗ್ಲಿಷಿನಲ್ಲಿತ್ತು. ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ ಅವಳಿಗೆ ಅದರ ಒಂದು ಅಕ್ಷರವೂ ತಿಳಿಯಲಿಲ್ಲ.

ಇದು ೨೦೦೬ರ ದಸರೆ ಮುಗಿದ ವಾರದ ಮಾತು. ಪುಣೆಯ ಕೊಂಢವಾ ಬಡಾವಣೆಯ ಔಷಧಿ ಗೋದಾಮಿನಲ್ಲಿ ಶಿವಗಂಗವ್ವ ದುಡಿಯಲು ಹತ್ತಿ ಹದಿನೆಂಟು ವರ್ಷವಾಗಿತ್ತು. ಆಸ್ಪತ್ರೆಗಳಿಂದ ಬಂದ ಬೇಡಿಕೆ ನೋಡಿ ಡಬ್ಬಿ ಆರಿಸಿ ಕೊಡುವ ಹನ್ನೊಂದು ಹೆಂಗಸರಿಗೆ ಅವಳೇ ಹಿರಿಯಳು. ಯಾವ ಮಾತ್ರೆ ಯಾವ ಸಾಲಿನಲ್ಲಿ, ಯಾವುದರ ತಾರೀಖು ಮೊದಲು ಮುಗಿಯುತ್ತದೆ, ಎಲ್ಲ ಬಾಯಿಪಾಠ. ಮಾಲಕ ಅವ್ವಣ್ಣ ಅಥಣಿಯ ಕಡೆಯವರು. ಊರ ಕಡೆಯವಳು, ಕೈ ಶುದ್ಧ ಎಂದು ಹೊಗಳಿ ಹೊಗಳಿ ಅವಳಿಂದ ಮೂವರ ಕೆಲಸ ತೆಗೆಯುತ್ತಿದ್ದರು. ಹೊಗಳಿಕೆಗೆ ಖರ್ಚಿಲ್ಲವಲ್ಲ.

ಆ ವರ್ಷ ಶ್ರಾವಣದಲ್ಲಿ ಗೋದಾಮಿಗೆ ಕಂಪ್ಯೂಟರಿನ ಹೊಸ ವ್ಯವಸ್ಥೆ ಬಂತು, ದಸರೆಗೆ ಎರಡು ವಾರ ಮುಂಚೆ ಐದು ಕೈಮಷೀನು. ಡಬ್ಬಿಯ ಮೇಲಿನ ಗೆರೆಗಳಿಗೆ ಹಿಡಿದು ಗುಂಡಿ ಒತ್ತಿದರೆ ಕೆಂಪು ಬೆಳಕು ಬಿದ್ದು, ಲೆಕ್ಕ ತಂತಿಯಿಲ್ಲದೆ ಗಾಳಿಯಲ್ಲೇ ಹೋಗಿ ಆಫೀಸಿನ ಕಂಪ್ಯೂಟರಿನಲ್ಲಿ ಕೂಡುತ್ತಿತ್ತು. ಇವನ್ನೆಲ್ಲ ಜೋಡಿಸಿದವಳು ರಕ್ಷಿತ ಎಂಬ ಹುಡುಗಿ, ಮಷೀನು ಮಾರಿದ ಕಂಪನಿಯ ಇಂಜಿನಿಯರು. ಸದಾಶಿವ ಪೇಠೆಯಲ್ಲಿ ಅವಳಪ್ಪನ ಹೋಟೆಲಿತ್ತು, ಉಡುಪಿ ಕಡೆಯವರು. ಕನ್ನಡ ಬರುತ್ತದೆಂದು ಗೋದಾಮಿನ ಹೆಂಗಸರಿಗೆ ಅವಳೇ ಮೂರು ದಿನ ಪಾಠ ಹೇಳಿದ್ದಳು. ಮೊದಲ ಸಲ 'ಕೀ' ಅಂದರೆ ಮಷೀನು ಡಬ್ಬಿಯನ್ನು ಓದಿತು ಎಂದರ್ಥ. ಆಮೇಲೆ 'ಕೀ ಕೀ' ಎಂದು ಜೋಡಿ ಸದ್ದು ಬಂದರೆ ಕಂಪ್ಯೂಟರು ಲೆಕ್ಕಕ್ಕೆ ತೆಗೆದುಕೊಂಡಿತು ಎಂದರ್ಥ. ಜೋಡಿ ಸದ್ದು ಬರದಿದ್ದರೆ ಡಬ್ಬಿ ಇದ್ದರೂ ಇಲ್ಲದ ಹಾಗೆ. ಮೂರು ದಿನದ ಪಾಠವನ್ನು ಶಿವಗಂಗವ್ವ ಒಂದೇ ಮಧ್ಯಾಹ್ನದಲ್ಲಿ ಕಲಿತು, ಉಳಿದ ಎರಡು ದಿನ ಬೇರೆಯವರಿಗೆ ಕಲಿಸಿದ್ದಳು.

ಅದೇ ದಿನಗಳಲ್ಲಿ, ಹಬ್ಬಕ್ಕೆ ಸುಣ್ಣ ಬಳಿಯಲೆಂದು ಹಿಂದಿನ ಸಾಲುಗಳನ್ನೆಲ್ಲ ಖಾಲಿ ಮಾಡಿದರು. ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯ ದಿನ, ತಕ್ಕಡಿ, ತಳ್ಳುಗಾಡಿ, ಟೆಂಪೋ, ಎಲ್ಲಕ್ಕೂ ಪೂಜೆಯಾಯಿತು. ತಟ್ಟೆ ಹಿಡಿದ ಶಿವಗಂಗವ್ವ ಕೈಮಷೀನುಗಳ ಮುಂದೆ ಬಂದು ಒಂದು ಗಳಿಗೆ ನಿಂತಳು. ಅವಳಿಗೆ ಅನುಮಾನವಿತ್ತು, ನಿಜಕ್ಕೂ ಇತ್ತು. ಹಿಂದಿನಿಂದ ಅವ್ವಣ್ಣನವರೇ ಅಂದರು, "ಹಚ್ಚು ಗಂಗವ್ವ. ಅವೂ ನಮ್ಮ ಹತ್ಯಾರ ಅಲ್ಲೇನು?" ಅವಳು ಬೆಳಕು ಬರುವ ಗಾಜನ್ನು ಬಿಟ್ಟು ಹಿಡಿಕೆಗೆ ಒಂದೊಂದು ಬೊಟ್ಟು ಇಟ್ಟಳು. ಕಾಯಿ ಒಡೆದವರು ಅವ್ವಣ್ಣ. ಮಾರನೆಯ ದಿನ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಅಂದವರೂ ಅವ್ವಣ್ಣನೇ.

ಬಂಗಾರ ನಾಲ್ಕು ದಿನಕ್ಕೆ ಹಿತ್ತಾಳೆಯಾಯಿತು. ಹಬ್ಬ ಮುಗಿಯುತ್ತಲೇ ಎರಡು ಲಾರಿ ತುಂಬ ಸಲೈನು ಬಂತು. ಹಿಂದಿನ ಸಾಲುಗಳಲ್ಲಿ ಸೂರಿನವರೆಗೆ ಬಾಟಲಿಗಳ ಪೆಟ್ಟಿಗೆ ಒಟ್ಟಿದರು. ಅಂದಿನಿಂದ ಮಷೀನುಗಳಿಗೆ ಏನೋ ಬಡಿಯಿತು. 'ಕೀ' ಅನ್ನುತ್ತಿದ್ದವು, ಜೋಡಿ ಸದ್ದು ಬರುತ್ತಿರಲಿಲ್ಲ. ಕಣ್ಣೆದುರು ಬೆಟ್ಟದಂತೆ ಪೆಟ್ಟಿಗೆಗಳಿದ್ದರೂ ಕಂಪ್ಯೂಟರು ಸಲೈನು ಇಲ್ಲವೇ ಇಲ್ಲ ಎನ್ನುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇಲ್ಲಿ ಬೇಕಾಗಿತ್ತು. ಒಂದು ಆಸ್ಪತ್ರೆಗೆ ಮಾಲಿಲ್ಲವೆಂದು ಹೇಳಿ ಕಳಿಸಿಬಿಟ್ಟರು, ಅವರು ಫೋನಿನಲ್ಲಿ ಅವ್ವಣ್ಣನ ಮಾನ ಹರಾಜು ಹಾಕಿದರು.

ಮುಂದಿನ ಸಾಲಿನಲ್ಲಿ ಮಷೀನು ನಡೆಯುತ್ತದೆ, ಹಿಂದಿನ ಸಾಲಿನಲ್ಲಿ ಮಾತ್ರ ನಡೆಯುವುದಿಲ್ಲ ಎಂದು ಶಿವಗಂಗವ್ವ ಮೂರು ಸಲ ಹೇಳಿದಳು. ಯಾರು ಕೇಳಬೇಕು? ಡಬ್ಬಿ ಎತ್ತುವವಳ ಮಾತಿಗೆ ಕಿವಿ ಕೊಟ್ಟರೆ ಕಂಪನಿಯವರು ತೊಟ್ಟ ಕೋಟಿಗೆ ಮಸಿ ಹತ್ತುತ್ತದೆ. ಕಂಪನಿಯ ಮೆಕ್ಯಾನಿಕ್ ಬಂದು ಆಫೀಸಿನ ಮೇಜಿನ ಮೇಲೆ ಒಂದು ಮಷೀನು ಬಿಚ್ಚಿದ, ಗುಂಡಿಗಳ ಸಂದಿಯಲ್ಲಿ ಕೆಂಪು ಪುಡಿ ಕಂಡ, ಅಷ್ಟೇ. ಪೂಜೆ ಯಾವತ್ತಾಯಿತು? ಮಷೀನು ಕೆಟ್ಟಿದ್ದು ಯಾವತ್ತು? ಎರಡೂ ಕೂಡಿಸಿದರು, ತೀರ್ಪು ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈಗ ಈ ಕಾಗದ. ಬಳಸುವವರೇ ಕೆಡಿಸಿದರೆಂದು ಬರೆದುಕೊಟ್ಟರೆ ಕಂಪನಿಯ ಮೇಲೆ ಮಾತು ಬರುವುದಿಲ್ಲ. ಕೆಡಿಸಿದವಳು ಒಬ್ಬ ಕೂಲಿ ಹೆಂಗಸು ಎಂದಾದರೆ ಅವ್ವಣ್ಣನ ಮೇಲೂ ಬರುವುದಿಲ್ಲ. ಇಬ್ಬರಿಗೂ ಅನುಕೂಲ. ಸೈ ಆದಮೇಲೆ ಅವಳನ್ನು ಗೋದಾಮಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಹಮಾಲರ ಮುಖಂಡ ಕಾಡಪ್ಪನಿಗೆ ಆಗಲೇ ತಿಳಿದಿತ್ತು. ಅವನೇ ಬೆಳಿಗ್ಗೆ ಗೇಟಿನಲ್ಲಿ ನಿಲ್ಲಿಸಿ, ಸುಮ್ಮನೆ ಸೈ ಮಾಡಿ ಹೋಗು, ಜಗಳಾಡಿದರೆ ಬೇರೆ ಕಡೆಯೂ ಕೆಲಸ ಸಿಗುವುದಿಲ್ಲ ಎಂದು ಬುದ್ಧಿ ಹೇಳಿದ್ದ. ಜಗಳಾಡದಿದ್ದರೂ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಷೀನು ಕೆಡಿಸಿದವಳು ಎಂಬ ಹೆಸರು ಅಂಟಿದರೆ ಕೊಂಢವಾದ ಯಾವ ಗೋದಾಮಿನ ಬಾಗಿಲೂ ತೆರೆಯದು. ಅವಳ ಗಂಡ ಹುಲಿಗೆಪ್ಪ ಗಾರೆ ಕೆಲಸದಲ್ಲಿ ಸೊಂಟ ಮುರಿದುಕೊಂಡು ಮನೆಯಲ್ಲಿ ಬಿದ್ದು ಎರಡು ವರ್ಷವಾಗಿತ್ತು.

ಅವ್ವಣ್ಣನ ಕ್ಯಾಬಿನ್ನಿಗೆ ಕಾಗದ ತಂದವಳು ರಕ್ಷಿತ. ಜೊತೆಗೆ ಡಬ್ಬಿಯಿಂದ ಆಗಷ್ಟೇ ತೆಗೆದ ಹೊಸ ಮಷೀನೊಂದನ್ನೂ ತಂದಿದ್ದಳು.

"ಓದು ತಂಗಿ," ಅಂದಳು ಶಿವಗಂಗವ್ವ. "ಕನ್ನಡದಾಗ ಓದು."

ರಕ್ಷಿತ ಅವ್ವಣ್ಣನ ಮುಖ ನೋಡಿದಳು. ಅವ್ವಣ್ಣ ಬೇಗ ಮುಗಿಸಮ್ಮಾ ಎಂದು ಮರಾಠಿಯಲ್ಲಿ ಅಂದರು. ಮರಾಠಿಯಲ್ಲಿ ಅಂದರೆ ಶಿವಗಂಗವ್ವನಿಗೆ ತಿಳಿಯದು ಎಂದುಕೊಂಡರೋ ಏನೋ, ಹದಿನೆಂಟು ವರ್ಷ ಪುಣೆಯ ನೀರು ಕುಡಿದವಳಿಗೆ! ರಕ್ಷಿತ ತಲೆ ಎತ್ತದೆ ಓದಿದಳು. "ಯಾರೂ ಹೇಳದೆ, ನನ್ನ ಸ್ವಂತ ಇಚ್ಛೆಯಿಂದ, ನಾನು ಯಂತ್ರಗಳಿಗೆ ಒಂದು ಬಗೆಯ ಪುಡಿಯನ್ನು ಹಚ್ಚಿ ಅವುಗಳನ್ನು ಕೆಡಿಸಿದ್ದೇನೆ. ಇದಕ್ಕೆ ನಾನೊಬ್ಬಳೇ ಹೊಣೆ."

ಸ್ವಂತ ಇಚ್ಛೆ! ಆ ಎರಡು ಮಾತು ಕೇಳಿ ಅವಳ ಮೈ ಉರಿದುಹೋಯಿತು. ಕುಂಕುಮ ಹೋಗಿ ಒಂದು ಬಗೆಯ ಪುಡಿಯಾಗಿತ್ತು. ಕಾಯಿ ಒಡೆದವರು ಕಾಗದದಿಂದ ಮಾಯವಾಗಿದ್ದರು. ಹದಿನೆಂಟು ವರ್ಷದಲ್ಲಿ ಒಂದು ರಜೆಯನ್ನೂ ಸ್ವಂತ ಇಚ್ಛೆಯಿಂದ ತೆಗೆದುಕೊಳ್ಳಲು ಬಿಡದವರು, ತಪ್ಪಿಗೆ ಮಾತ್ರ ಸ್ವಂತ ಇಚ್ಛೆ ಕೊಡಿಸಿದ್ದರು.

"ಹಚ್ಚಿದಾಕಿ ನಾನ. ಇಲ್ಲ ಅನ್ನಂಗಿಲ್ಲ," ಅಂದಳು. "ಹಚ್ಚು ಅಂದವರ ಹೆಸರೂ ಇದರಾಗ ಬರೀರಿ. ಆಮ್ಯಾಲ ಸೈ ಮಾಡ್ತೀನಿ."

ಅವ್ವಣ್ಣ ಕನ್ನಡಕ ತೆಗೆದು ಒರೆಸತೊಡಗಿದರು. ಅದರ ಮೇಲೆ ಧೂಳಿರಲಿಲ್ಲ. ಅವಳು ಕಾದಳು. ಹಚ್ಚಲು ಹೇಳಿದ್ದು ತಾವೇ ಎಂದು ಅವರ ಬಾಯಿಂದ ಒಂದು ಮಾತು, ಅರ್ಧ ಮಾತು ಬಂದರೂ ಆಕೆ ಕರಗಿಬಿಡುತ್ತಿದ್ದಳೇನೋ. ಅವರು ಕನ್ನಡಕ ಹಾಕಿಕೊಂಡು ಕ್ಯಾಲೆಂಡರು ನೋಡಿದರು.

ರಕ್ಷಿತ ಕಷ್ಟಪಟ್ಟು ನಡುವೆ ಬಾಯಿ ಹಾಕಿದಳು. ಸಿಟ್ಟು ಮಾಡಬೇಡಿ ಅಕ್ಕ, ಕುಂಕುಮ ತಾಗದ ಮಷೀನು ಸರಿಯಾಗಿಯೇ ನಡೆಯುತ್ತದೆ, ನೋಡಿ ಎಂದು ಹೊಸ ಮಷೀನನ್ನು ಮೇಜಿನ ಮೇಲಿನ ಡಬ್ಬಿಗೆ ಹಿಡಿದಳು. ಕೀ. ಆಮೇಲೆ ಕೀ ಕೀ. ಅವ್ವಣ್ಣ ಆಗಿಹೋಯಿತು ಎನ್ನುವಂತೆ ತಲೆಯಾಡಿಸಿದರು.

ಶಿವಗಂಗವ್ವ ಮೂಲೆಯಲ್ಲಿ ಅಪರಾಧಿಗಳಂತೆ ಸಾಲಾಗಿ ಇಟ್ಟಿದ್ದ ಐದು ಮಷೀನುಗಳಲ್ಲಿ ಒಂದನ್ನು ಎತ್ತಿಕೊಂಡಳು. ಹಿಡಿಕೆಯ ಮೇಲೆ ಅವಳ ಬೊಟ್ಟು ಇನ್ನೂ ಇತ್ತು. ಅದೇ ಡಬ್ಬಿಗೆ ಹಿಡಿದು ಗುಂಡಿ ಒತ್ತಿದಳು. ಕೀ. ಆಮೇಲೆ ಕೀ ಕೀ.

"ಈಗ ನಿನ್ನ ಹೊಸಾದು ತಗೊಂಡು ನನ್ನ ಹಿಂದ ಬಾ," ಎಂದು ಅವಳು ರಕ್ಷಿತಳ ಮುಂದೆ ನಡೆದಳು. ಅವ್ವಣ್ಣ ಬೇಡವೆಂದರೋ ಏನೋ, ಅವಳು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳುವ ಸರದಿ ತನ್ನದಲ್ಲ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು. ಹೆಂಗಸರು ಕೈಕೆಲಸ ಬಿಟ್ಟು ನೋಡಿದರು, ಕಾಡಪ್ಪನ ಹಮಾಲರು ಹಿಂದೆ ಹಿಂದೆಯೇ ಬಂದರು.

ಏಳನೆಯ ಸಾಲು ಕೊನೆಯ ಗೋಡೆಗೆ ಹತ್ತಿತ್ತು. ಎರಡೂ ಬದಿಗೆ ಸಲೈನಿನ ಪೆಟ್ಟಿಗೆ, ನಡುವೆ ಒಬ್ಬರು ನಡೆಯುವಷ್ಟು ದಾರಿ. ರಕ್ಷಿತ ಹೊಸ ಮಷೀನು ಹಿಡಿದಳು. ಕೀ. ಎಲ್ಲರೂ ಕಾದರು. ಜೋಡಿ ಸದ್ದು ಬರಲಿಲ್ಲ. ಇನ್ನೊಂದು ಪೆಟ್ಟಿಗೆಗೆ ಹಿಡಿದಳು, ಆಚೆ ಬದಿಯದಕ್ಕೂ ಹಿಡಿದಳು. ಬರಲಿಲ್ಲ.

"ಇದಕ್ಕ ಯಾರು ಕುಂಕುಮ ಹಚ್ಯಾರವಾ?" ಶಿವಗಂಗವ್ವ ಕೇಳಿದಳು.

ರಕ್ಷಿತ ಮಷೀನಿನ ಪರದೆ ನೋಡಿದಳು, ದೂರದಲ್ಲಿ ಮಾಲಕರ ಕ್ಯಾಬಿನ್ನಿನ ನೆತ್ತಿಯ ಮೇಲೆ ಬಡಿದಿದ್ದ, ಮಷೀನುಗಳ ಸಿಗ್ನಲು ಹಿಡಿಯುವ ಆಂಟೆನಾ ಡಬ್ಬಿ ನೋಡಿದಳು, ಆಮೇಲೆ ಪೆಟ್ಟಿಗೆಗಳ ಗೋಡೆ ನೋಡಿದಳು. ಒಂದು ಬಾಟಲಿ ಹೊರತೆಗೆದು ಒಳಗಿನ ನೀರನ್ನು ಅಲುಗಿಸಿ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಗಿತ್ತು, ಹೇಳಬೇಕೋ ಬೇಡವೋ ಎಂಬುದಷ್ಟೇ ತಿಳಿದಿರಲಿಲ್ಲ. ಹೇಳಿದರೆ ಕೆಲಸ ಹೋಗುವುದು ಅವಳದು. ಅಷ್ಟರಲ್ಲಿ ಅವ್ವಣ್ಣನೂ ಬಂದು ಜನರ ಹಿಂದೆ ನಿಂತಿದ್ದರು.

"ತಪ್ಪು ನನ್ನದು," ಅಂದಳು ಕೊನೆಗೆ. "ಒಂದು ಆಂಟೆನಾ ಸಾಕು ಅಂತ ನಾನೇ ಬರೆದುಕೊಟ್ಟದ್ದು. ನಾನು ಬಂದು ನೋಡಿದಾಗ ಈ ಸಾಲುಗಳೆಲ್ಲ ಖಾಲಿ ಇದ್ದವು, ಸುಣ್ಣ ಬಳೀತಿದ್ರು. ಈಗ ಇದರ ತುಂಬ ನೀರು ಉಂಟು. ನೀರು ಸಿಗ್ನಲನ್ನು ನುಂಗ್ತದೆ. ತುಂಬಿದ ಮೇಲೆ ಇನ್ನೊಮ್ಮೆ ಬಂದು ನೋಡಬೇಕಿತ್ತು, ನೋಡ್ಲಿಲ್ಲ. ಕುಂಕುಮಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

ಅವಳು ಅಲ್ಲಿಂದಲೇ ತನ್ನ ಮೇಲಧಿಕಾರಿಗೆ ಫೋನು ಮಾಡಿ ಇದನ್ನೇ ಹೇಳಿದಳು. ಆಚೆಯಿಂದ ಬೈಗುಳ ಬಿದ್ದದ್ದು ನಿಂತವರಿಗೆಲ್ಲ ಕೇಳಿಸಿತು. ಶಿವಗಂಗವ್ವನಿಗೆ ಅವಳ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಹಾಗೆಯೇ ಇಟ್ಟುಕೊಂಡಳು, ಕಾಗದ ತಂದ ಕೈ ಅದು. ಆದರೂ ಇಪ್ಪತ್ತೈದರ ಹುಡುಗಿಗೆ ಬಂದ ಧೈರ್ಯ ಅರುವತ್ತರ ಸಾಹುಕಾರನಿಗೆ ಬರಲಿಲ್ಲವಲ್ಲ ಎಂದುಕೊಂಡಳು.

ಅವ್ವಣ್ಣ ಜನರನ್ನು ಸರಿಸಿ ಮುಂದೆ ಬಂದರು. "ಆತು ಬಿಡು ಗಂಗವ್ವ. ಆಗಿದ್ದು ಆಗಿ ಹೋತು. ಹೋಗಿ ಕೆಲಸ ನೋಡು."

ಆಗಿದ್ದು ಆಗಿ ಹೋಯಿತಂತೆ. ಯಾರೂ ಮಾಡಲಿಲ್ಲ, ತಾನಾಗಿಯೇ ಆಯಿತು, ತಾನಾಗಿಯೇ ಹೋಯಿತು. ಇಂಗ್ಲಿಷ್ ಕಾಗದದಲ್ಲಿ ಮಾಡಿದವಳು ಒಬ್ಬಳಿದ್ದಳು, ಅವಳಿಗೆ ಹೆಸರಿತ್ತು, ಸೈ ಹಾಕಲು ಜಾಗವಿತ್ತು. ತಪ್ಪು ದೊಡ್ಡವರ ಕಡೆ ಹೊರಳಿದ ಕೂಡಲೇ ಅದಕ್ಕೆ ವಾರಸುದಾರರೇ ಇಲ್ಲ.

ಅವಳು ರಕ್ಷಿತಳ ಕೈಯಿಂದ ಹೊಸ ಮಷೀನು ತೆಗೆದುಕೊಂಡು ನೇರ ಮುಂದಿನ ಸಾಲಿಗೆ ನಡೆದಳು. ಕ್ಯಾಬಿನ್ನಿನ ಹೊರಗೆ ದೇವರ ಫೋಟೋ ಇತ್ತು, ಅದರ ಕೆಳಗೆ ಕುಂಕುಮದ ಬಟ್ಟಲು. ಅದನ್ನೂ ಎತ್ತಿಕೊಂಡಳು. ಎಲ್ಲರೂ ಬಂದು ಸೇರುವವರೆಗೆ ಕಾದು, ಎರಡನ್ನೂ ಅವ್ವಣ್ಣನ ಮುಂದೆ ಹಿಡಿದಳು.

"ಈ ಮಷೀನಿಗೆ ಪೂಜಿ ಆಗಿಲ್ರಿ ಸಾವ್ಕಾರ್ರ. ನೀವ ಹಚ್ಚರಿ."

ಅವ್ವಣ್ಣ ಸುತ್ತ ನೋಡಿದರು. ನಲವತ್ತು ಕಣ್ಣು ಅವರ ಕೈಯ ಮೇಲಿದ್ದವು. ಇಷ್ಟು ಜನರೆದುರು ಕುಂಕುಮ ಬೇಡ ಅನ್ನುವುದು ಹೇಗೆ? ಬೆರಳು ಅದ್ದಿದರು. ಹಿಡಿಕೆ ಎಲ್ಲಿ, ಮೂತಿ ಎಲ್ಲಿ ತಿಳಿಯಲಿಲ್ಲವೋ ಏನೋ, ಬೆಳಕು ಬರುವ ಗಾಜಿನ ಮೇಲೆಯೇ ಒತ್ತಿಬಿಟ್ಟರು.

ಶಿವಗಂಗವ್ವ ಮಷೀನನ್ನು ಒಂದು ಡಬ್ಬಿಗೆ ಹಿಡಿದು ಗುಂಡಿ ಒತ್ತಿದಳು. ಸದ್ದಿಲ್ಲ. ಮೊದಲನೆಯ 'ಕೀ' ಕೂಡ ಇಲ್ಲ. ಗುಂಪಿನಲ್ಲಿ ಯಾರೋ ಅಯ್ಯೋ ಅಂದರು. ಅವಳು ಸೆರಗಿನ ಚುಂಗು ಹಿಡಿದು ಗಾಜನ್ನು ಒಮ್ಮೆ ಒರೆಸಿದಳು, ಮತ್ತೆ ಗುಂಡಿ ಒತ್ತಿದಳು.

ಕೀ. ಆಮೇಲೆ ಕೀ ಕೀ.

"ಕುಂಕುಮ ಒರಿಸಿದ್ರ ಹೋಗ್ತದರಿ ಸಾವ್ಕಾರ್ರ," ಅಂದಳು. "ನಾ ಸೈ ಹಾಕಿದ್ದರ ಅದು ಹೋಗ್ತಿತ್ತೇನ್ರಿ?"

ಅವಳು ಮಷೀನು ಹಿಡಿದು ತನ್ನ ಕೆಲಸಕ್ಕೆ ಹೊರಟಳು. ಅವ್ವಣ್ಣ ಕೆಂಪಾದ ಬೆರಳನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ, ಕೈ ಮುಂದೆ ಚಾಚಿಕೊಂಡೇ ನಿಂತಿದ್ದರು.