ಕುದಿನೀರಿನಲ್ಲಿ ಬಿಚ್ಚಿದ ಪಟ್ಟಿ

ಶ್ರಾವಣದ ಹೊತ್ತಿನ ಸೋಣೆ ತಿಂಗಳ ಒಂದು ಸೋಮವಾರ, ಬೆಳಗಿನ ಹತ್ತೂವರೆ ಗಂಟೆ. ಕುಂದಾಪುರದ ಆಸ್ಪತ್ರೆಯ ಮಹಡಿಯ ಕೋಣೆಯಲ್ಲಿ ವನಜ ಆ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಪ್ರವೀಣನ ಮೇಜಿನ ಮೇಲೆ ಬಡಿದಳು. ಬಡಿದರೂ ಸದ್ದಾಗಲಿಲ್ಲ, ಒಣಗಿದ ಎಲೆಯಷ್ಟು ಹಗುರ ಅದು.

"ಬಿಸಿನೀರಿಗೆ ಹಾಕಿದ್ರಾ?" ಕೈಗೆ ಪಟ್ಟಿ ಮಾಡಿಕೊಡುವ ಪ್ರವೀಣ ಕೇಳಿದ್ದು ಅವಳನ್ನಲ್ಲ, ಹಿಂದೆ ನಿಂತಿದ್ದ ಮಗ ಜಿತೇಂದ್ರನನ್ನು.

ಮೂರು ವಾರದ ಹಿಂದೆ ಅಂಜಲ್ ಮೀನು ಕೊಯ್ಯುವಾಗ ಕತ್ತಿ ಜಾರಿ ಅವಳ ಬಲಗೈ ಹೆಬ್ಬೆರಳನ್ನು ಬಾಗಿಸುವ ನರ ತುಂಡಾಗಿತ್ತು. ಡಾಕ್ಟ್ರು ಹೊಲಿದರು. ಹೊಲಿದದ್ದು ಕೂಡುವ ಮೊದಲೇ ಬೆರಳು ನೆಟ್ಟಗಾದರೆ ಮತ್ತೆ ಹರಿಯುತ್ತದೆಂದು ಪ್ರವೀಣ ಈ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಬಾಗಿದ ಬೆರಳಿನ ಮೇಲೆ ಒತ್ತಿ ಪಟ್ಟಿಯಾಗಿ ಕೂರಿಸಿದ್ದ. ಆರಿದ ಮೇಲೆ ಅದು ಮರದಂತೆ ಗಟ್ಟಿಯಾಗಿತ್ತು. ನೋವಿಗೆ ವನಜ ಅಂದು ಕಣ್ಣು ಮುಚ್ಚಿಕೊಂಡೇ ಇದ್ದಳು.

ಭಾನುವಾರ ಕತ್ತಿ, ಮಣೆ, ಬುಟ್ಟಿಗಳನ್ನು ಹುಣಿಸೆ ಹಾಕಿದ ಕುದಿನೀರಿನಲ್ಲಿ ಅದ್ದಿ ಮೀನಿನ ನಾತ ತೆಗೆಯುವುದು ಅವಳ ನಲವತ್ತು ವರ್ಷದ ರೂಢಿ. ಬೆವರಿಗೆ ಪಟ್ಟಿಯೂ ನಾರುತ್ತಿತ್ತು. ಬಿಚ್ಚಿ ಅದನ್ನೂ ಹಾಕಿದಳು. ಕಣ್ಣೆದುರೇ ಅದು ಗಾಜಿನಂತೆ ತಿಳಿಯಾಗಿ, ಬಾಗಿದ್ದನ್ನೆಲ್ಲ ಬಿಟ್ಟು, ಚಪ್ಪಟೆಯಾಗಿ ಮಲಗಿತು.

"ಇದಕ್ಕೆ ಹಳೆ ಆಕಾರದ ನೆನಪಿರ್ತದೆ ಅಮ್ಮ. ಬಿಸಿ ತಾಗಿದ್ರೆ ಪುನಃ ಹಾಳೆಯೇ ಆಗ್ತದೆ. ಎರಡೆರಡು ಸಲ ಹೇಳಿದ್ದೆ," ಎಂದ ಪ್ರವೀಣ.

"ಯಾರ್ ಹತ್ರ ಹೇಳಿದ್ರಿ?"

ಪ್ರವೀಣ ಜಿತೇಂದ್ರನನ್ನು ನೋಡಿದ. ಜಿತೇಂದ್ರ ಮೊಬೈಲನ್ನು ಕಿಸೆಗೆ ಸೇರಿಸಿದ. "ಬೋಟ್ ಹೊರಡು ಗಡಿಬಿಡಿ ಅಮ್ಮ. ಮರ್ತ್ ಹೋಯ್ತ್."

"ಪ್ಲಾಸ್ಟಿಕಿಗೆ ನೆನಪಿತ್ತಂಬ್ರ್ ಕಾಣ್. ನಿಂಗಿಲ್ಲೆ."

ನಿನ್ನೆಯಿಂದ ಅವಳ ಕೈಗೆ ಸುತ್ತಿದ್ದ ಹಳೆ ಸೀರೆಯ ಹರಕನ್ನು ಪ್ರವೀಣ ಬಿಚ್ಚಿದ. ಬೆರಳು ಬಾಗಿಸಿಟ್ಟ ಹಾಗೇ ಇತ್ತು. "ಒಳ್ಳೆ ಕಟ್ಟಿದ್ದೀರಿ," ಎಂದ, ಜಿತೇಂದ್ರನ ಕಡೆ ತಿರುಗಿ.

ವನಜಳ ದನಿ ತಣ್ಣಗಾಯಿತು. "ಅಂವ ಅಲ್ಲ, ನಾ ಕಟ್ಟದ್ದ್. ಹಲ್ಲಂಗೆ ಕಚ್ಚಿ ಹಿಡ್ಕಂಡ್. ಕೈ ನಂದ್, ಅನ್ನ ಹಾಕದ್ದ್ ಈ ಕೈ. ನೀವ್ ಮಾತಾಡುದ್ ಅವನ ಹತ್ರ. ನಾ ಎಂತ, ಅಂವ ಹೊತ್ಕಂಡ್ ಬಂದ ಮೀನ್ ಬುಟ್ಟಿಯಾ?"

ಅವಳು ಜಿತೇಂದ್ರನ ಕಡೆ ತಿರುಗಿದಳು.

"ನೀ ಹೊರ್ಗ್ ಹೋಯಿ ಕೂಕೋ," ಎಂದಳು ಮಗನಿಗೆ. ಅವನು ಹೋದ.

ಪ್ರವೀಣ ಕುರ್ಚಿಯನ್ನು ಅವಳೆದುರಿಗೆ ಎಳೆದುಕೊಂಡ. "ತುದಿ ಮೆಲ್ಲ ಒಳಗೆ ಬಾಗಿಸಿ." ಬೆರಳಿನ ತುದಿ ಅಕ್ಕಿಕಾಳಿನಷ್ಟು ಸರಿಯಿತು. "ಪೂರ್ತಿ ಹರೀಲಿಲ್ಲ ಅನ್ಸ್ತದೆ. ಗುರುವಾರ ಡಾಕ್ಟ್ರು ನೋಡಿಯೇ ಹೇಳ್ಬೇಕು." ಅದೇ ಹಾಳೆಯನ್ನು ಮತ್ತೆ ಬಿಸಿನೀರಿಗೆ ಬಿಟ್ಟ. ಈ ಸಲ ಅವಳು ರೆಪ್ಪೆ ಬಡಿಯದೆ ನೋಡಿದಳು.

"ಎಂತೆಂತ ಮಾಡೂಕಾಗ, ಈಗ ನಂಗ್ ಹೇಳಿ. ಒಂದೊಂದೇ."

ಅವನು ಹೇಳಿದ. ಒಂದೊಂದನ್ನೂ ಅವಳು ತಿರುಗಿ ಹೇಳಿ ಒಪ್ಪಿಸಿದಳು.

ಗುರುವಾರ ಬೆಳಿಗ್ಗೆ ಜಿತೇಂದ್ರ ಬೈಕನ್ನು ಅಂಗಳಕ್ಕಿಳಿಸಿ ಕಾಯುತ್ತಿದ್ದ. ವನಜ ಪಟ್ಟಿ ಹಾಕಿದ ಬಲಗೈಯನ್ನು ಎದೆಗೆ ಒತ್ತಿ ಹಿಡಿದು, ಅವನನ್ನು ದಾಟಿ, ಏಳೂವರೆಯ ಬಸ್ಸಿಗೆ ಒಬ್ಬಳೇ ನಡೆದಳು.