ಕೋಳಿರಕ್ತದ ಪಲ್ಯ

ಈರುಳ್ಳಿ, ಹೌದು, ಈರುಳ್ಳಿ, ಜೀರಿಗೆ, ಪುದೀನ, ಆಸ್ಪತ್ರೆಯ ಫಿನಾಯಿಲನ್ನೂ ಮೀರಿ ಬರುತ್ತಿದೆ ವಾಸನೆ, ಬೆಂಚಿನ ಮೇಲೆ ಪಕ್ಕದಲ್ಲೇ ಕೂತ ದೊನ್ಯಾ ಪೆತ್ರೊನಿಲಾಳ ತೊಡೆಯ ಮೇಲಿನ ಡಬ್ಬಿಯಿಂದ, ಮುಚ್ಚಳ ತೆಗೆಯದಿದ್ದರೂ ನರ್ಸ್ ಎದೆಲ್ಮಿರಾಳಿಗೆ ಗೊತ್ತು, ಕೋಳಿರಕ್ತದ ಪಲ್ಯ, ತಾನೇ ಹೇಳಿಕೊಟ್ಟದ್ದಲ್ಲವೇ, ವರ್ಷಗಟ್ಟಲೆ ಪ್ರತಿ ಬಸುರಿಗೂ ಅದೇ ಪಾಠ, ರಕ್ತ ಕಮ್ಮಿ ಇದೆ ಕಣೇ, ನಿಂಬೆಹಣ್ಣು ಹಿಂಡ್ಕೊಂಡು ತಿನ್ನು — ಈ ಮುದುಕಿಯ ಮಗಳು ಯುಲಿಸಾ ಮೂಗು ಮುಚ್ಚಿಕೊಂಡು ನಕ್ಕಿದ್ದಳು, ಅಯ್ಯೋ ಸಿಸ್ಟರ್, ನನ್ನ ಮಗು ಹುಟ್ಟುತ್ತಲೇ ಕೊಕ್ಕೊಕ್ಕೋ ಅನ್ನುತ್ತೆ ನೋಡ್ತಿರಿ, ಆಗ ಹಿಮೋಗ್ಲೋಬಿನ್ ಒಂಬತ್ತೂವರೆ, ಎರಡು ವಾರ ಕಳೆದು ಜ್ವರವೆಂದು ಬಂದಾಗ ಹನ್ನೆರಡೂವರೆ, ಡೆಂಗಿ ಎಂದು ಗೊತ್ತಿತ್ತು, ಈ ಮಳೆಯ ನಂತರ ಪಿಯೂರಾ ಊರಲ್ಲಿ ಡೆಂಗಿಯಿಲ್ಲದ ಮನೆ ಯಾವುದು, ಆದರೂ ಕಣ್ಣಿಗೆ ಬಿದ್ದದ್ದು ಆ ಹನ್ನೆರಡೂವರೆ ಮಾತ್ರ, ಪ್ಲೇಟ್‌ಲೆಟ್ ಇಳಿದದ್ದೂ ಅದೇ ಚೀಟಿಯಲ್ಲಿ ಅದರ ಕೆಳಗೇ ಇತ್ತು, ಕಾಣಲಿಲ್ಲ, ಕಾಯುತ್ತಿದ್ದ ಬಸುರಿಯರ ಮುಂದೆ ತಾನೇ ಅವಳ ಸುಡುವ ಕೈಯನ್ನು ಎತ್ತಿ ಹಿಡಿದಳಲ್ಲ, ನೋಡ್ರೇ, ಇವಳನ್ನ ನೋಡಿ ಕಲೀರಿ, ಚಪ್ಪಾಳೆ ಬೇರೆ ತಟ್ಟಿಸಿದಳು, ಥೂ, ಎರಡು ವಾರದಲ್ಲಿ ಯಾವ ಪಲ್ಯ ತಿಂದರೂ ಅಷ್ಟು ಏರುವುದಿಲ್ಲ, ರಕ್ತ ಹೆಚ್ಚಿರಲಿಲ್ಲ, ಅದರ ನೀರು ನಾಳದಿಂದ ಸೋರಿ ಉಳಿದದ್ದು ಗಟ್ಟಿಯಾಗಿತ್ತು, ಬಸುರಿಯ ರಕ್ತ ತೆಳುವಾಗಿರಬೇಕು, ಜ್ವರದಲ್ಲಿ ಏಕಾಏಕಿ ಏರಿತೋ, ಅಪಾಯ — ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ತಾನೇ, ಮನೆಗೆ ಹೋಗಿ ಮಲಗು ಮಗಳೇ ಎಂದವಳೂ ತಾನೇ.

ಮಗು ಬೆಳಗ್ಗೆಯೇ ಹೋಯಿತು, ಯುಲಿಸಾ ಎದುರಿನ ಐಸಿಯು ಬಾಗಿಲಿನಾಚೆ ಇನ್ನೂ ಉಸಿರಾಡುತ್ತಿದ್ದಾಳೆ, ಯಂತ್ರ ಆಡಿಸುತ್ತಿದೆ, ಬಾಗಿಲು ತೆರೆಯಿತು, ಡಾಕ್ಟರು, ಜ್ವರಕ್ಕೆ ಮುಂಚೆ ಹಿಮೋಗ್ಲೋಬಿನ್ ಎಷ್ಟಿತ್ತು, ಯಾರಿಗಾದ್ರೂ ಗೊತ್ತಾ, ಪೆತ್ರೊನಿಲಾಳೇ ಮೊದಲು ಎದ್ದಳು, ಅಯ್ಯೋ, ಇವರನ್ನ ಕೇಳಿ ಡಾಕ್ಟ್ರೇ, ನಮ್ಮ ಸಿಸ್ಟರೇ ನೋಡಿದ್ದು, ರಕ್ತ ಏನು ಚೆನ್ನಾಗಿದೆ ಅಂದ್ರು ಗೊತ್ತಾ, ಬೀದಿಗೆಲ್ಲ ಹೇಳ್ಕೊಂಡು ಬಂದೆ — ಒಂಬತ್ತೂವರೆ, ಎಂದಳು ಎದೆಲ್ಮಿರಾ, ಜ್ವರ ಬಂದಾಗ, ಹನ್ನೆರಡೂವರೆ, ಆದ್ರೂ ಮನೆಗೆ ಕಳಿಸಿದ್ರಾ, ಎಂದರು ಡಾಕ್ಟರು, ಹ್ಞೂಂ ಡಾಕ್ಟ್ರೇ ಎಂದದ್ದೂ ಪೆತ್ರೊನಿಲಾಳೇ, ಹೆಮ್ಮೆಯಿಂದ, ಡಾಕ್ಟರು ಅವಳತ್ತ ನೋಡಲಿಲ್ಲ, ಎದೆಲ್ಮಿರಾಳ ಬಿಳಿ ಸಮವಸ್ತ್ರವನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು, ಭೂಮಿ ಬಾಯಿ ಬಿಡಬಾರದೇ, ಹೇಳಿಬಿಡು, ಈ ತಾಯಿಗೆ ಈಗಲೇ ಹೇಳು, ನಾಳೆ ಬೇರೆ ಯಾರಾದರೂ ಹೇಳುತ್ತಾರೆ, ಡಬ್ಬಿಯ ಮುಚ್ಚಳ ತೆರೆಯಿತು, ಅವಳಿಗೇಂತ ಮಾಡ್ದೆ, ಒಳಗೆ ಬಿಡಲ್ವಂತೆ, ನೀವು ಬೆಳಗಿಂದ ನಮ್ಮ ಜೊತೆ ಉಪವಾಸ ಕೂತಿದ್ದೀರಿ, ದೊನ್ಯಾ, ನಾನು, ಎಂದು ಬಾಯಿ ತೆರೆದಳು, ತೆರೆದ ಬಾಯಿಯ ಮುಂದೆ ಚಮಚ ಬಂತು, ತಿನ್ನಿ ಸಿಸ್ಟರ್, ರಕ್ತಕ್ಕೆ ಒಳ್ಳೇದು, ನೀವೇ ಹೇಳಿದ್ರಲ್ಲ, ಚಮಚದ ತುಂಬ ಹೆಪ್ಪುಗಟ್ಟಿದ ಕಪ್ಪು ರಕ್ತ, ತುಟಿಯ ಹತ್ತಿರ, ಹೆಪ್ಪುಗಟ್ಟಿದ ಕಪ್ಪು ರಕ್ತ —